ಒಗ್ಗರಣೆ ಘಾಟಿಗೆ ಸೀನು ಬಂದರೆ

ನಿನ್ನೆ ಹಾಸನದಲ್ಲಿ ತಂಗಿ ಮಗಳ ಸೀಮಂತ. ಅಡುಗೆಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಬಿತ್ತು, ಘಾಟು ಎದ್ದಿತು, ಎಲ್ಲರೂ ಸೀನಿದೆವು. ಚಿಕ್ಕಮ್ಮ ಸೀನಿದವರೇ ಕಾಲು ಜೋಡಿಸಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟರು. ಆರತಿಗೆ ಕರೆದರೂ ಅಲ್ಲಾಡಲಿಲ್ಲ. ಉಚ್ಚೆ ಜಾರಿದೆ ಅಂತ ನನಗೆ ತಕ್ಷಣ ಗೊತ್ತಾಯಿತು. ಒಳಗೆ ಕರೆದುಕೊಂಡು ಹೋಗಿ ನನ್ನ ಇನ್ನೊಂದು ಸೀರೆ ಕೊಟ್ಟೆ. ಹೊರಗೆ ಬಂದಾಗ ಹಿರಿಯರೊಬ್ಬರು ಸಮಾಧಾನ ಮಾಡಿದರು: "ಮೂರು ಹೆತ್ತವಳಲ್ವಾ, ಇದೆಲ್ಲ ಇದ್ದದ್ದೇ ಬಿಡು." ಬಸುರಿ ಹುಡುಗಿ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಆ "ಇದ್ದದ್ದೇ" ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ನನ್ನ ಹತ್ತಿರ ಕಲಿತ ನೀವೆಲ್ಲ ಕೇಳುತ್ತಿದ್ದಿರಿ, ಟೀಚರ್ ಯಾಕೆ ಯಾವಾಗಲೂ ಕಡುಬಣ್ಣದ ಸೀರೆಯಲ್ಲೇ ಇರುತ್ತಿದ್ದರು ಅಂತ. ಇವತ್ತು ಹೇಳುತ್ತೇನೆ. ಎರಡನೇ ಹೆರಿಗೆ ಆದಮೇಲೆ ಕೆಮ್ಮಿದರೆ, ಜೋರಾಗಿ ನಕ್ಕರೆ, ನೀರಿನ ಬಕೆಟ್ ಎತ್ತಿದರೆ ಉಚ್ಚೆ ಜಾರುತ್ತಿತ್ತು. ಸೀಮೆಸುಣ್ಣದ ಪುಡಿಗೆ ಕೆಮ್ಮು ಬಂದಾಗ ಬೋರ್ಡಿನ ಕಡೆ ತಿರುಗಿ, ಸೆರಗು ಇಳಿಬಿಟ್ಟುಕೊಂಡು, ಬೆಲ್ ಹೊಡೆಯುವವರೆಗೆ ನಿಂತಿರುತ್ತಿದ್ದೆ. ಹೀಗೆ 11 ವರ್ಷ. ಮನೆಯವರಿಗೂ ಹೇಳಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಡಾಕ್ಟರೊಬ್ಬರ ಹತ್ತಿರ ಹೇಳಿದೆ. ಅವರೂ ಅದನ್ನೇ ಅಂದರು: ಹೆರಿಗೆ ಆದವರಿಗೆ ಇದ್ದದ್ದೇ, ಪ್ಯಾಡ್ ಹಾಕಿಕೊಳ್ಳಿ.

ಇದ್ದದ್ದೇ ಅಲ್ಲ. ತುಂಬ ಹೆಂಗಸರಿಗೆ ಆಗುತ್ತದೆ, ಅದು ಬೇರೆ ಮಾತು. ಮಂಡಿನೋವೂ ತುಂಬ ಜನಕ್ಕೆ ಬರುತ್ತದೆ, ಅದಕ್ಕೆ ಔಷಧಿ ಕೇಳುವುದಿಲ್ವಾ?

ಕೊನೆಗೆ ಸಿಕ್ಕ ಡಾಕ್ಟರ್ ನನಗೆ ಅರ್ಥವಾಗುವ ಹಾಗೆ ಹೇಳಿದರು. ಗಿಡಕ್ಕೆ ನೀರು ಬಿಡುವ ಪೈಪು ಗಟ್ಟಿ ನೆಲದ ಮೇಲಿದ್ದರೆ ಕಾಲಿಟ್ಟು ತುಳಿದ ಕೂಡಲೇ ನೀರು ನಿಲ್ಲುತ್ತದೆ. ಕೆಸರಿನ ಮೇಲಿದ್ದರೆ ಪೈಪು ಕೆಳಗೆ ಹೂತುಹೋಗುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಹೆರಿಗೆಯಲ್ಲಿ, ಮುಟ್ಟು ನಿಂತ ಮೇಲೆ, ಮೂತ್ರನಾಳದ ಕೆಳಗಿನ ಆಸರೆ ಹೀಗೇ ಸಡಿಲವಾಗುತ್ತದೆ. ಇದಕ್ಕೆ ಸ್ಲಿಂಗ್ ಅನ್ನುವ ಆಪರೇಷನ್ ಇದೆ. ಸ್ಲಿಂಗ್ ಅಂದರೆ ಆ ಜಾಗಕ್ಕೆ ಕಟ್ಟುವ ಜೋಲಿ. ಸುಮಾರು 1 ಸೆಂಟಿಮೀಟರ್ ಅಗಲದ ಪಟ್ಟಿ. ಬಿಗಿಯಾಗಿ ಎಳೆದು ಕಟ್ಟುವುದಿಲ್ಲ, ಸುಮ್ನೆ ಆಸರೆಯಾಗಿ ಇಡುತ್ತಾರೆ. ಕೆಮ್ಮಿದಾಗ ಮೂತ್ರನಾಳ ಅದರ ಮೇಲೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್, ಆಸ್ಟ್ರೇಲಿಯಾದ ಪೀಟರ್ ಪೆಟ್ರೋಸ್ ಇಬ್ಬರೂ ಸೇರಿ 1990ರ ದಶಕದಲ್ಲಿ ತಂದ ವಿಧಾನ. ಅಂದರೆ ನಾನು ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಿದ್ದ ಅಷ್ಟೂ ವರ್ಷ ಇದು ಇತ್ತು! ನನಗೆ ಹೇಳುವವರು ಇರಲಿಲ್ಲ, ಅಷ್ಟೇ.

ನನಗೂ ನೇರವಾಗಿ ಆಪರೇಷನ್ ಮಾಡಲಿಲ್ಲ. ಮೊದಲು 3 ತಿಂಗಳು ಕೀಗಲ್ ವ್ಯಾಯಾಮ, ಅಂದರೆ ಉಚ್ಚೆ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು, ಫಿಸಿಯೋಥೆರಪಿಯವರೇ ಕೂತು ಹೇಳಿಕೊಟ್ಟರು. ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ. ನನಗೆ ಅರ್ಧ ವಾಸಿಯಾಯಿತು, ಬಕೆಟ್ ಎತ್ತಿದರೆ ಮತ್ತೆ ಅದೇ. ಆಮೇಲೆ ಸ್ಲಿಂಗ್. ಬೆನ್ನಿಗೆ ಇಂಜೆಕ್ಷನ್, ಅರ್ಧ ಗಂಟೆಯ ಕೆಲಸ, ಮರುದಿನ ಮನೆ. ಒಂದು ದಿನ ಉಚ್ಚೆ ಸಲೀಸಾಗಿ ಹೋಗದೆ ಹೆದರಿ ಅತ್ತೂಬಿಟ್ಟೆ. ಆಮೇಲೆ ಸರಿಹೋಯಿತು. ಆರು ವಾರ ಭಾರ ಎತ್ತಲಿಲ್ಲ.

ಇದನ್ನು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು, "ಇಂಗ್ಲೆಂಡಲ್ಲಿ ಅದನ್ನು ನಿಲ್ಲಿಸಿದ್ದಾರಂತೆ" ಅನ್ನುತ್ತಾರೆ. ನಿಜ. ಆ ಪಟ್ಟಿ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಮೆಶ್‌ನದು, ಅಂದರೆ ಬಲೆಯದು. 2018ರ ಜುಲೈನಲ್ಲಿ ಅಲ್ಲಿ ಅದನ್ನು ತಡೆಹಿಡಿದರು. ಕೆಲವರಿಗೆ ಮೆಶ್ ಒಳಗಿನ ಚರ್ಮ ಕೊರೆದುಕೊಂಡು ಹೊರಬಂದಿತ್ತು, ನೋವು ವರ್ಷಗಟ್ಟಲೆ ಉಳಿದಿತ್ತು. ಅವರ ಸಂಕಟವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅಮೆರಿಕದಲ್ಲಿ 2019ರಲ್ಲಿ ಮಾರಾಟ ನಿಂತಿದ್ದು ಮೂತ್ರಚೀಲದಂಥ ಒಳಗಿನ ಅಂಗಗಳು ಕೆಳಗೆ ಜಾರುವುದಕ್ಕೆ ಯೋನಿಯ ಮೂಲಕ ಹಾಕುತ್ತಿದ್ದ ದೊಡ್ಡ ಮೆಶ್. ಉಚ್ಚೆ ಜಾರುವುದಕ್ಕೆ ಹಾಕುವ ಈ ಸ್ಲಿಂಗ್ ಅಲ್ಲ. ಮೆಶ್ ಬೇಡ ಅನ್ನುವವರಿಗೆ ಅವರದೇ ಹೊಟ್ಟೆಯ ಸ್ನಾಯುವಿನ ಮೇಲಿನ ಪೊರೆಯಿಂದ ಪಟ್ಟಿ ತೆಗೆದು ಜೋಲಿ ಮಾಡುವುದೂ ಇದೆ. ಅದರಲ್ಲಿ ಕೊಯ್ಯುವುದು ಜಾಸ್ತಿ, ಆದರೆ ದಾರಿ ಇದೆ.

ಇಂಗ್ಲೆಂಡಿನಲ್ಲಿ ಜೂಲಿಯಾ ಕಂಬರ್ಲೆಜ್ ನೇತೃತ್ವದ ತಂಡ 2020ರಲ್ಲಿ ವರದಿ ಕೊಟ್ಟಿತು. ಅಲ್ಲಿನ ಹೆಂಗಸರು ನೋವು ಅಂತ ಹೋದಾಗ ಎಷ್ಟೋ ಡಾಕ್ಟರುಗಳು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ, ಹೆಂಗಸರಿಗೆ ಇದೆಲ್ಲ ಸಹಜ ಅಂತ ಕಳಿಸಿದರಂತೆ. ನೋಡಿ, ಅಲ್ಲಿಯೂ ಅದೇ "ಇದ್ದದ್ದೇ". ಹಾಗಾಗಿ ಆ ಕಥೆ ಹೇಳಿ ನನ್ನ ಬಾಯಿ ಮುಚ್ಚಿಸಬೇಡಿ. ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳಿ, ಆಮೇಲೆ ಬೇಕೋ ಬೇಡವೋ ತೊಂದರೆ ಇರುವ ಹೆಂಗಸೇ ಹೇಳಲಿ.

ಚಿಕ್ಕಮ್ಮನಿಗೆ ಸ್ಲಿಂಗೇ ಬೇಕು ಅಂತ ನಾನು ಅನ್ನುತ್ತಿಲ್ಲ. ಅವಸರವಾಗಿ ಬಂದು ತಡೆಯಲಾಗದೆ ಹೋಗುವುದು ಬೇರೆ ತೊಂದರೆ, ಅದಕ್ಕೆ ಸ್ಲಿಂಗ್ ಮದ್ದಲ್ಲ. ಅದನ್ನೆಲ್ಲ ಮೊದಲು ನೋಡಬೇಕು. ಗುರುವಾರ ಕರೆದುಕೊಂಡು ಹೋಗುತ್ತಿದ್ದೇನೆ. ತುಂಬಿದ ಮೂತ್ರಚೀಲದಲ್ಲೇ ಕೆಮ್ಮಿಸಿ ಪರೀಕ್ಷೆ ಮಾಡುತ್ತಾರೆ, ಚೆನ್ನಾಗಿ ನೀರು ಕುಡಿಯಬೇಕು ಅಂತ ಬೆಳಿಗ್ಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಮಾತೇ ಇಲ್ಲ. ಆಮೇಲೆ ಕೇಳಿದರು, "ಬಸ್ಸಲ್ಲಿ ಹೇಗಮ್ಮಾ? ನಾನು ಅರಸೀಕೆರೆ ಬಿಟ್ಟ ಮೇಲೆ ನೀರು ಮುಟ್ಟೋದೇ ಇಲ್ಲ."

ಆಸ್ಪತ್ರೆಗೆ ಹೋದಮೇಲೆ ಕುಡಿಯೋಣ ಚಿಕ್ಕಮ್ಮ, ಬಾಟಲಿ ನಾನು ತರುತ್ತೇನೆ ಅಂದೆ.