ಹಸಿರಿನಿಂದ ಹಳದಿಗೆ, ಸಾರ್ವಜನಿಕ ಹಿತದೃಷ್ಟಿಯಿಂದ

ಮೊನ್ನೆ ಪತ್ರಿಕೆಯ ಒಳಪುಟದಲ್ಲಿ ಬಂದ ಆ ಪ್ರಕಟಣೆಯನ್ನು ನೀವು ನೋಡಿಲ್ಲದಿದ್ದರೆ ತಪ್ಪು ನಿಮ್ಮದಲ್ಲ. ಯಾರ ಕಣ್ಣಿಗೂ ಬೀಳಬಾರದೆಂದೇ ಅಚ್ಚು ಹಾಕಿಸಿದ್ದು ಅದು. ಮೇಲೆ ಒಬ್ಬರ ಪಿಯುಸಿ ಅಂಕಪಟ್ಟಿ ಬಸ್ ನಿಲ್ದಾಣದಲ್ಲಿ ಕಳೆದುಹೋಗಿದೆ. ಕೆಳಗೆ ಇನ್ನೊಬ್ಬರು ಅಫಿಡವಿಟ್ ಮಾಡಿಸಿ ಹೆಸರು ಬದಲಾಯಿಸಿಕೊಂಡಿದ್ದಾರೆ, ಇನ್ನು ಮುಂದೆ ಎಲ್ಲ ವ್ಯವಹಾರಗಳಲ್ಲೂ ಹೊಸ ಹೆಸರಿನಿಂದಲೇ ಗುರುತಿಸಬೇಕೆಂದು ಕೋರಿದ್ದಾರೆ. ಇವೆರಡರ ನಡುವೆ, ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ, ದಾವಣಗೆರೆಯ ನಮ್ಮ ಬಡಾವಣೆಯ ಬೆನ್ನಿಗಿರುವ ಗದ್ದೆ ಬಯಲೂ ಅದೇ ದಾರಿ ಹಿಡಿದಿದೆ. ಇಲ್ಲಿಯವರೆಗೆ ಕೃಷಿ ವಲಯ, ಇನ್ನು ಮುಂದೆ ಎಲ್ಲ ವ್ಯವಹಾರಗಳಲ್ಲೂ ವಾಸದ ವಲಯ. ರಸ್ತೆಗೆ ಹೊಂದಿಕೊಂಡ ತುಂಡು ಮಾತ್ರ ವಾಣಿಜ್ಯ. ಆಕ್ಷೇಪಣೆ ಇದ್ದವರು 15 ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.

ಜಾಗ ಯಾವುದೆಂದು ಪ್ರಕಟಣೆ ಓದಿ ಪತ್ತೆ ಹಚ್ಚಿದವರಿಗೆ ಒಂದು ಸನ್ಮಾನ ಆಗಬೇಕು. ನಾಲೆ ಸೇತುವೆಯ ಆಚೆ, ಗ್ಯಾಸ್ ಗೋದಾಮಿನ ಹಿಂದೆ ಎಂದು ಬರೆದರೆ ಊರಿಗೆಲ್ಲ ತಿಳಿದುಬಿಡುತ್ತದಲ್ಲ! ಅದಕ್ಕೇ ಸರ್ವೆ ನಂಬರ್, ಅದರ ಕೆಳಗೊಂದು ಹಿಸ್ಸಾ ನಂಬರ್, ಆಮೇಲೆ ಚಕ್ಕುಬಂದಿ: ಪೂರ್ವಕ್ಕೆ ಇನ್ನೊಂದು ಸರ್ವೆ ನಂಬರ್, ಪಶ್ಚಿಮಕ್ಕೆ ಮತ್ತೊಂದು, ಉತ್ತರಕ್ಕೆ ಖರಾಬು, ದಕ್ಷಿಣಕ್ಕೆ ದಾರಿ. ನಿಮ್ಮ ಮನೆ ಯಾವ ಸರ್ವೆ ನಂಬರಿನಲ್ಲಿದೆ ಎಂದು ಬಾಯಿಪಾಠವಾಗಿ ಹೇಳಬಲ್ಲವರು ಜಗತ್ತಿನಲ್ಲಿ ಇಬ್ಬರೇ. ಒಬ್ಬ ನಿಮಗೆ ಸಾಲ ಕೊಟ್ಟ ಬ್ಯಾಂಕಿನವನು, ಇನ್ನೊಬ್ಬ ನಿಮ್ಮ ಪಕ್ಕದ ಜಾಗದ ಮೇಲೆ ಕಣ್ಣಿಟ್ಟವನು.

ಈ ಕಾರುಬಾರಿಗೆಲ್ಲ ಮೂಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮು. ಕಾಯ್ದೆ ಬರೆದವರನ್ನು ಬೈಯುವುದು ಸುಲಭ, ನಾನು ಹೊಗಳುತ್ತೇನೆ. ಊರಿನ ಮಾಸ್ಟರ್ ಪ್ಲಾನ್, ಅಂದರೆ ಮಹಾಯೋಜನೆಯ ನಕ್ಷೆಯಲ್ಲಿ ಒಮ್ಮೆ ಗುರುತಿಸಿದ ಭೂ ಉಪಯೋಗವನ್ನು ಸುಮ್ಮನೆ ಬದಲಾಯಿಸುವಂತಿಲ್ಲ ಎಂದು ಅದು ಕಟ್ಟುನಿಟ್ಟಾಗಿ ಹೇಳುತ್ತದೆ. ಸರ್ಕಾರದ ಪೂರ್ವಾನುಮತಿ ಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು. ಕಾರಣವೂ ತಕ್ಕುದಾಗಿರಬೇಕು: ನೆಲದ ಏರಿಳಿತ ಗುರುತಿಸುವಲ್ಲಿ ತಪ್ಪಾಗಿರಬೇಕು, ನಕ್ಷೆ ಬರೆಯುವಾಗ ಕೈ ಜಾರಿರಬೇಕು, ಏನಾದರೂ ಬಿಟ್ಟುಹೋಗಿರಬೇಕು. ಇಷ್ಟಕ್ಕೇ ನಿಲ್ಲಿಸಿದ್ದರೆ ಬಡಪಾಯಿ ಡೆವಲಪರುಗಳ ಗತಿ ಏನಾಗುತ್ತಿತ್ತು? ಕರುಣಾಳು ಶಾಸನಕಾರರು ಹಿಂದಿನ ಬಾಗಿಲೊಂದನ್ನು ತೆರೆದಿಟ್ಟೇ ಎದ್ದರು. ಯಾವುದೇ ಒಂದು ಕಾಲದಲ್ಲಿ ಇರುವಂಥ ಸಂದರ್ಭಗಳಿಂದ ಅಗತ್ಯವಾದರೂ ಬದಲಾಯಿಸಬಹುದಂತೆ. ಸಂದರ್ಭವೇ ಇಲ್ಲದ ಕಾಲವೊಂದನ್ನು ಯಾರಾದರೂ ಕಂಡಿದ್ದಾರೆಯೇ? ಎರಡು ಎಕರೆ ಗದ್ದೆ, ಪಕ್ಕದಲ್ಲೊಂದು ಡಾಂಬರು ರಸ್ತೆ, ಕೈಯಲ್ಲಿ ದುಡ್ಡಿರುವ ಒಬ್ಬ ಮನುಷ್ಯ. ಇದಕ್ಕಿಂತ ಗಟ್ಟಿಯಾದ ಸಂದರ್ಭ ದಾವಣಗೆರೆಯಲ್ಲಿ ಇನ್ನೆಲ್ಲಿ ಸಿಕ್ಕೀತು?

ಮಹಾಯೋಜನೆ ಎಂದರೆ ಬಣ್ಣಗಳ ವ್ಯವಹಾರ. ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಉಪಯೋಗಕ್ಕೆ ಕೆಂಪು, ಉದ್ಯಾನಕ್ಕೂ ಹೊಲಗದ್ದೆಗೂ ಹಸಿರು. ದಾವಣಗೆರೆಯವರಿಗೆ ಬಣ್ಣವೇನೂ ಹೊಸದಲ್ಲ. ಹೋಳಿಯ ದಿನ ರಾಮ್ ಅಂಡ್ ಕೋ ವೃತ್ತದಲ್ಲಿ ಯಾವ ತಲೆ ಯಾವ ಬಣ್ಣದ್ದೆಂದು ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಆದರೆ ಆ ಬಣ್ಣ ಎರಡು ಸ್ನಾನಕ್ಕೆ ಇಳಿದುಹೋಗುತ್ತದೆ. ನಕ್ಷೆಯ ಬಣ್ಣ ಹಾಗಲ್ಲ. ಹಸಿರಿದ್ದದ್ದು ಹಳದಿಯಾಗುತ್ತದೆ, ಹಳದಿಯಿದ್ದದ್ದು ನೀಲಿಯಾಗುತ್ತದೆ. ಹಳದಿಯಿದ್ದದ್ದು ತಿರುಗಿ ಹಸಿರಾದದ್ದನ್ನು ನಾನಂತೂ ಕೇಳಿಲ್ಲ. ಸಾರ್ವಜನಿಕರ ಹಿತ ಅದೇಕೋ ಯಾವಾಗಲೂ ಸೈಟಿನ ಕಡೆಗೇ ವಾಲುತ್ತದೆ.

ಅದೇ ಕಲಮಿನ ಮೂರನೇ ಉಪಕಲಮು ನಮ್ಮೂರಿಗಾಗಿಯೇ ಬರೆದದ್ದಿರಬೇಕು. ಕೈಗಾರಿಕೆಯ ಜಾಗ ವಾಸಕ್ಕೋ ವಾಣಿಜ್ಯಕ್ಕೋ ಬದಲಾಗುವುದಾದರೆ ಇಷ್ಟೆಲ್ಲ ಗೋಜಿಲ್ಲ. ನಿಗದಿತ ಶುಲ್ಕ ಕಟ್ಟಿ, ಮೊದಲೇ ಒಂದು ಮಾತು ತಿಳಿಸಿದರೆ ಸಾಕು, ಅನುಮತಿ ಕೊಟ್ಟಂತೆಯೇ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ಇದು. ಮಿಲ್ಲಿನ ಸೈರನ್ ಕೇಳಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವರು ಈಗಲೂ ನಿಟುವಳ್ಳಿಯ ಕಟ್ಟೆಗಳ ಮೇಲೆ ಸಿಗುತ್ತಾರೆ. ಹತ್ತಿ ಹೋಯಿತು, ನೂಲು ಹೋಯಿತು, ಕೂಲಿಯವರು ಹೋದರು. ನೆಲ ಮಾತ್ರ ಎಲ್ಲಿಗೂ ಹೋಗಲಿಲ್ಲ, ದಿನೇದಿನೇ ಬೆಲೆ ಏರಿಸಿಕೊಂಡು ಕೂತಿತು. ಮಿಲ್ಲು ಮುಚ್ಚಿದ್ದು ಕಾರ್ಮಿಕನಿಗೆ ನಷ್ಟವೆಂದು ಓದಿಕೊಂಡಿದ್ದೇವೆ. ಯಾರಿಗೆ ಲಾಭವೆಂದು ಪಾಠದಲ್ಲಿರಲಿಲ್ಲ.

ಮಿಲ್ಲಿನ ಮಾತು ಬಂದಮೇಲೆ ಮಂಡಕ್ಕಿ ಭಟ್ಟಿಯ ಮಾತು ಬಾರದೆ ಇರದು. ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಇಲ್ಲದೆ ಈ ಊರಿಗೆ ಹೊತ್ತು ಮುಳುಗುವುದಿಲ್ಲ. ಒಗ್ಗರಣೆ ಹಾಕಿದ್ದು, ಹಾಕದ್ದು, ನರ್ಗಿಸ್, ಗಿರ್ಮಿಟ್ ಎಂದು ಅದರಲ್ಲೂ ಜಾತಿ ಉಪಜಾತಿಗಳಿವೆ. ಯಾವುದು ಶ್ರೇಷ್ಠವೆಂಬ ವಾದಕ್ಕೆ ಇಲ್ಲಿ ಸ್ನೇಹಗಳು ಮುರಿದಿವೆ. ನನ್ನ ಮತ ಒಗ್ಗರಣೆಗೆ, ಮೆಣಸಿನಕಾಯಿ ಪಕ್ಕದಲ್ಲಿ ಪ್ರತ್ಯೇಕವಾಗಿರಬೇಕು. ಇರಲಿ. ಈ ಮಂಡಕ್ಕಿ ಹುರಿಯುವ ಭಟ್ಟಿಗಳು ಒಂದು ಕಾಲಕ್ಕೆ ಊರ ಹೊರಗಿದ್ದವು. ಹೊಗೆ ಬಯಲಿಗೆ ಹೋಗುತ್ತಿತ್ತು. ಬಯಲಿಗೆ ಮನೆಗಳು ಬಂದವು. ಮನೆ ಕಟ್ಟಿದವರು ಗೃಹಪ್ರವೇಶದ ಹೋಮದ ಹೊಗೆ ಆರುವ ಮೊದಲೇ ಭಟ್ಟಿಯ ಹೊಗೆಯ ಮೇಲೆ ಅರ್ಜಿ ಬರೆದರು. ಅವರ ಮಕ್ಕಳ ಕೆಮ್ಮು ಸುಳ್ಳಲ್ಲ, ಭಟ್ಟಿಯವನ ಹೊಟ್ಟೆಪಾಡೂ ಸುಳ್ಳಲ್ಲ. ಇಬ್ಬರನ್ನೂ ಒಂದೇ ಗೋಡೆಯ ಆಚೀಚೆ ತಂದು ಕೂರಿಸಿ ಸೈಟಿನ ದುಡ್ಡು ಎಣಿಸಿಕೊಂಡವನೊಬ್ಬ ಇದ್ದನಲ್ಲ, ಅವನು ಆ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಕಲ್ಲು ನೆಡುತ್ತಿದ್ದ.

ನಮ್ಮ ಗದ್ದೆಯ ವಿಷಯಕ್ಕೆ ಬರೋಣ. ಗಲಾಟೆ ಜೋರಾದ ಮೇಲೆ ನಗರಾಭಿವೃದ್ಧಿ ಪ್ರಾಧಿಕಾರದವರು ಅಹವಾಲು ಕೇಳಲು ಒಂದು ಸಭೆ ಕರೆದರು. ಸಭೆ ಹನ್ನೊಂದು ಗಂಟೆಗೆ, ಕೆಲಸದ ದಿನ. ಹೀಗಾಗಿ ನಿವಾಸಿಗಳ ಕಡೆಯಿಂದ ಬಂದವರೆಲ್ಲ ನಿವೃತ್ತರು. ಡೆವಲಪರ್ ಕಡೆಯವರಿಗೆ ಇದೇ ಕೆಲಸವಾದ್ದರಿಂದ ಎಲ್ಲರೂ ಬಂದಿದ್ದರು: ಎಂಜಿನಿಯರ್, ವಕೀಲ, ನಕ್ಷೆ ಹಿಡಿದ ಹುಡುಗ, ಮತ್ತು ಏನೂ ಮಾತಾಡದೆ ಎಲ್ಲರಿಗೂ ಚಹಾ ಹೇಳುತ್ತಿದ್ದ ದಪ್ಪ ಉಂಗುರದ ಮಹನೀಯರು.

ಎಂಜಿನಿಯರ್ ಪರದೆಯ ಮೇಲೆ ಬಡಾವಣೆಯನ್ನು ತೋರಿಸಿದರು. ಎಂಥ ಬಡಾವಣೆ ಅದು! ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ನೆರಳು ಚೆಲ್ಲುವ ಮರಗಳು, ಕೋಟು ತೊಟ್ಟು ವಾಯುವಿಹಾರ ಮಾಡುವ ಬಿಳಿಯ ದಂಪತಿ, ಬೆಕ್ಕಿನಷ್ಟು ಚಿಕ್ಕ ನಾಯಿ. ಈ ದಂಪತಿಗೆ ಸೈಟು ಹಂಚಿಕೆ ಆಗಿದೆಯೇ ಎಂದು ನಿವೃತ್ತ ಮೇಷ್ಟ್ರೊಬ್ಬರು ಗಂಭೀರವಾಗಿ ಕೇಳಿದರು. ಅಧಿಕಾರಿಗಳು ಅದನ್ನು ಆಕ್ಷೇಪಣೆಯೆಂದು ಬರೆದುಕೊಂಡರೋ ಇಲ್ಲವೋ ತಿಳಿಯಲಿಲ್ಲ.

ನಮ್ಮ ಕ್ಷೇಮಾಭಿವೃದ್ಧಿ ಸಂಘದವರೂ ಕಡಿಮೆಯೇನಿಲ್ಲ. ಕೃಷಿ ಭೂಮಿ ಉಳಿಯಬೇಕು, ಅನ್ನದಾತ ಬದುಕಬೇಕು ಎಂದು ಅಧ್ಯಕ್ಷರು ಮೇಜು ಗುದ್ದಿದರು. ಅಧ್ಯಕ್ಷರ ಮನೆ ನಿಂತಿರುವುದೂ ಗದ್ದೆಯ ಮೇಲೆಯೇ, ನನ್ನದೂ ಅಷ್ಟೇ. ವಾಸದ ವಲಯದಲ್ಲಿ ವಾಣಿಜ್ಯ ಕೂಡದೆಂದು ಗುಡುಗಿದ ಕಾರ್ಯದರ್ಶಿಗಳ ಮನೆಯ ಕೆಳಮಹಡಿಯಲ್ಲಿ ಟ್ಯೂಷನ್, ಮೇಲ್ಮಹಡಿಯಲ್ಲಿ ಕಾಲೇಜು ಹುಡುಗರ ಪೇಯಿಂಗ್ ಗೆಸ್ಟ್, ಗ್ಯಾರೇಜಿನಲ್ಲಿ ಜೆರಾಕ್ಸ್. ಖಜಾಂಚಿಗಳು ಉದ್ಯಾನದ ಜಾಗ ಸಾಲದು ಎಂದರು. ಇರುವ ಉದ್ಯಾನದ ಮೂಲೆಯಲ್ಲಿ ದೇವಸ್ಥಾನ ಕಟ್ಟಿಸಿದ ಸಮಿತಿಗೂ ಅವರೇ ಖಜಾಂಚಿ. ಪಿ.ಜೆ. ಬಡಾವಣೆಯಲ್ಲಿ ಇವತ್ತು ಮನೆ ಹುಡುಕಿಕೊಂಡು ಹೋದರೆ ಮೂರು ನರ್ಸಿಂಗ್ ಹೋಂ ದಾಟಿದ ಮೇಲೆ ಒಂದು ಮನೆ ಸಿಗುತ್ತದೆ, ಅದರ ಗೇಟಿನಲ್ಲೂ ಔಷಧಿ ಅಂಗಡಿ. ಅದಕ್ಕೆಲ್ಲ 14-ಎ ಪ್ರಕಟಣೆ ಬಂದಿತ್ತೇ ಎಂದು ಯಾರೂ ಕೇಳುವುದಿಲ್ಲ. ನಮಗೆಲ್ಲ ಬೇಕಾಗಿರುವುದು ಒಂದೇ: ಊರು ನಮ್ಮ ಮನೆ ಕಟ್ಟುವವರೆಗೆ ಮಾತ್ರ ಬೆಳೆಯಬೇಕು.

ಡೆವಲಪರ್ ವಕೀಲರಿಗೆ ಇದೆಲ್ಲ ಗೊತ್ತಿತ್ತು. ಒಬ್ಬೊಬ್ಬರ ಬಾಗಿಲಿನ ಫೋಟೊ ಅವರ ಕಡತದಲ್ಲಿತ್ತು. ಅಲ್ಲಿಗೆ ಅನ್ನದಾತನ ವಿಷಯ ಮುಗಿಯಿತು.

ಆ ಅನ್ನದಾತ ಸಭೆಗೆ ಬಂದಿರಲಿಲ್ಲ. ಅವನು ಗದ್ದೆ ಮಾರಿ ಬಹಳ ಕಾಲವಾಗಿತ್ತು. ಭದ್ರಾ ಅಚ್ಚುಕಟ್ಟಿನ ಕೊನೆಭಾಗ ಇದು. ಮೇಲಿನವರು ನಾಲೆಗೆ ಪಂಪು ಇಟ್ಟು ನೀರೆತ್ತಿ ಉಳಿದದ್ದು ನಮಗೆ. ನೀರಿಗಾಗಿ ಹೆದ್ದಾರಿ ತಡೆದು, ಬೆಳೆ ಒಣಗಿಸಿಕೊಂಡು, ಬಡ್ಡಿ ಕಟ್ಟಿ ಸಾಕಾಗಿದ್ದವನ ಮನೆಗೆ ಒಬ್ಬ ಬ್ರೋಕರ್ ಬಂದ. ಹೊಲದ ಬೆಲೆಯಲ್ಲಿ, ಎಕರೆ ಲೆಕ್ಕದಲ್ಲಿ ವ್ಯಾಪಾರವಾಯಿತು. ಬಣ್ಣ ಬದಲಾದ ಮರುದಿನದಿಂದ ಅದೇ ಮಣ್ಣು ಚದರಡಿ ಲೆಕ್ಕದಲ್ಲಿ ಬಿಕರಿಯಾಗುತ್ತದೆ. ಎಕರೆಗೆ 43,560 ಚದರಡಿ, ಗುಣಿಸಿಕೊಳ್ಳಿ. ರಸ್ತೆಗೂ ಉದ್ಯಾನಕ್ಕೂ ಬಿಟ್ಟದ್ದನ್ನು ಕಳೆದರೂ ಆ ರೈತ ಒಂದು ವಾರ ನಿದ್ದೆಗೆಡುವಷ್ಟು ಉಳಿಯುತ್ತದೆ.

ನಗು ಬರುವುದು ಇಲ್ಲಿಗೆ ನಿಂತಿತು ನನಗೆ. ಈ ಬಣ್ಣ ಬದಲಾಗುತ್ತದೆಂದು ಪ್ರಕಟಣೆಗೆ ಮೊದಲೇ ಯಾರಿಗೆ ಗೊತ್ತಿತ್ತು? ಹೇಗೆ ಗೊತ್ತಿತ್ತು? ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆಗ ಊರಿನ ಮುಂದೆ ಇಡೀ ನಕ್ಷೆ ಹರಡಿ, ಎಲ್ಲಿ ಬೆಳೆಯಬೇಕು, ಎಲ್ಲಿ ನಿಲ್ಲಬೇಕು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ಕೇಳಬಹುದು. ಕೇಳುವುದಿಲ್ಲ. ನಡುವೆ ಒಂದೊಂದೇ ಸರ್ವೆ ನಂಬರನ್ನು ಕತ್ತರಿಸಿ ಬೇಕಾದವರ ಕೈಗಿಡುತ್ತಾರೆ. ಗದ್ದೆಗೆ ಮುರಂ ತುಂಬಿ ನಾಲ್ಕು ಅಡಿ ಎತ್ತರಿಸುತ್ತಾರೆ, ಹೊಲಗಾಲುವೆ ಮುಚ್ಚುತ್ತಾರೆ. ಮೊದಲ ಜೋರು ಮಳೆಗೆ ಆ ನೀರು ಹಳೆಯ ಬಡಾವಣೆಯ ಅಡುಗೆಮನೆಗೆ ಬರುತ್ತದೆ. ಹೊಸ ಬಡಾವಣೆಯ ಕೊಳಚೆ ಉಳಿದ ಕಾಲುವೆ ಹಿಡಿದು ಕೆಳಗಿನ ಗದ್ದೆಗೆ ಇಳಿಯುತ್ತದೆ. ಆ ಗದ್ದೆಯವನೂ ಬೇಸತ್ತು ಮಾರುತ್ತಾನೆ. ಆಗ ಅದೂ ಸಂದರ್ಭವಾಗುತ್ತದೆ. 2016ರಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಹೆಸರು ಬಂತೆಂದು ಪಟಾಕಿ ಹೊಡೆದ ಊರಿನಲ್ಲಿ, ಮಳೆನೀರು ಹರಿಯುವ ದಾರಿಯನ್ನು ಬಿಟ್ಟು ಸೈಟು ಗೀಚುವ ಬುದ್ಧಿ ಯಾರಿಗೂ ಬರಲಿಲ್ಲ.

ಇದಕ್ಕೆ ಮಹಾ ವಿದ್ಯೆ ಬೇಕೇ? ಪಕ್ಕದ ಚಿತ್ರದುರ್ಗಕ್ಕೆ ಹೋಗಿ ನೋಡಲಿ. 1997ರ ತನಕ ನಮ್ಮ ಜಿಲ್ಲಾ ಕೇಂದ್ರವೂ ಅದೇ ಆಗಿತ್ತು, ನಾಚಿಕೆಯ ಮಾತೇನಲ್ಲ. ಕೋಟೆಯ ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿ ಹೊಂಡಕ್ಕಿಳಿದು, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡಕ್ಕೂ ಸಂತೆ ಹೊಂಡಕ್ಕೂ ಬರುವಂತೆ ಪಾಳೆಯಗಾರರು ಕಟ್ಟಿಸಿದ್ದರು. ಕಲ್ಲುಬಂಡೆಯ ಊರಿನಲ್ಲಿ ಒಂದು ಹನಿ ದಾರಿ ತಪ್ಪದಂತೆ ನೋಡಿಕೊಂಡವರಿಗೆ ಸ್ಯಾಟಲೈಟ್ ಚಿತ್ರವೂ ಇರಲಿಲ್ಲ, ಸಲಹಾ ಸಂಸ್ಥೆಯ ಶುಲ್ಕವೂ ಇರಲಿಲ್ಲ. 1779ರಲ್ಲಿ ಹೈದರಾಲಿ ಆ ಕೋಟೆಯನ್ನು ವಶಪಡಿಸಿಕೊಂಡಾಗ ಆಕ್ಷೇಪಣೆ ಸಲ್ಲಿಸಲು 15 ದಿನ ಕೊಡಲಿಲ್ಲ, ನಿಜ. ಆದರೆ ಅವನು ಬರುತ್ತಿದ್ದಾನೆಂದು ಊರಿಗೆಲ್ಲ ಮೊದಲೇ ಗೊತ್ತಾಗಿತ್ತು. ನಮಗೆ ಅಷ್ಟೂ ಇಲ್ಲ.

ಸಭೆಯ ಕೊನೆಯಲ್ಲಿ ಅಧಿಕಾರಿಗಳು ಎಲ್ಲರ ಅಭಿಪ್ರಾಯಗಳನ್ನು ದಾಖಲಿಸಿಕೊಳ್ಳಲಾಗಿದೆ, ನಿಯಮಾನುಸಾರ ಪರಿಶೀಲಿಸಲಾಗುವುದು ಎಂದರು. ಎದ್ದು ಹೊರಗೆ ಬಂದರೆ ದಪ್ಪ ಉಂಗುರದ ಮಹನೀಯರು ನಮ್ಮ ಖಜಾಂಚಿಗಳ ಹೆಗಲ ಮೇಲೆ ಕೈಯಿಟ್ಟು, ಪೂರ್ವ ದಿಕ್ಕಿನ ಮೂಲೆ ಸೈಟಿನ ಬಗ್ಗೆ ಮಾತಾಡುತ್ತಿದ್ದರು. ಖಜಾಂಚಿಗಳು ವಾಸ್ತು ಕೇಳುತ್ತಿದ್ದರು.

ಪ್ರಾಧಿಕಾರಕ್ಕೆ ನನ್ನದೊಂದು ಬಡ ಸಲಹೆ, ಇದನ್ನೇ ನನ್ನ ಆಕ್ಷೇಪಣೆಯೆಂದು ಬೇಕಾದರೆ ಬರೆದುಕೊಳ್ಳಲಿ. ಈ ಊರಿನ ಯಾವ ವೃತ್ತದಲ್ಲಿ ನಿಂತರೂ ಯಾರೋ ಒಬ್ಬ ಮರಿ ನಾಯಕನ ಹುಟ್ಟುಹಬ್ಬದ ಫ್ಲೆಕ್ಸ್ ಕಾಣುತ್ತದೆ, ಸುತ್ತ ನಲವತ್ತು ಅಭಿಮಾನಿಗಳ ಮುಖ. ಫ್ಲೆಕ್ಸ್ ಕಟ್ಟುವುದರಲ್ಲಿ ನಮ್ಮಷ್ಟು ನುರಿತವರು ಇನ್ನಾರಿದ್ದಾರೆ? ಬದಲಾಗಲಿರುವ ಜಾಗದಲ್ಲೇ, ಗದ್ದೆಯ ಬದುವಿನ ಮೇಲೆ, ಅಂಥದ್ದೊಂದನ್ನು ಕಟ್ಟಿಸಲಿ. ಈಗಿನ ಬಣ್ಣ, ಬರಲಿರುವ ಬಣ್ಣ, ಕೇಳಿದವರು ಯಾರು, ಕೊಂಡದ್ದು ಯಾವಾಗ, ನೀರು ಹರಿಯುವ ದಾರಿ ಯಾವುದು, ಆಕ್ಷೇಪಣೆಗೆ ಕಡೆಯ ದಿನ ಯಾವುದು. ಕೇಳಿದವರ ಫೋಟೊ ಹಾಕಿದರೆ ಇನ್ನೂ ಒಳ್ಳೆಯದು, ಕೈಮುಗಿದ ಭಂಗಿಯಲ್ಲಿ. ಹುಟ್ಟುಹಬ್ಬದ ಫ್ಲೆಕ್ಸನ್ನು ಆರು ತಿಂಗಳಾದರೂ ಕಿತ್ತು ಹಾಕಲು ಪಾಲಿಕೆಗೆ ಪುರುಸೊತ್ತು ಸಿಗುವುದಿಲ್ಲ. ಇದನ್ನಾದರೆ ಅನಧಿಕೃತವೆಂದು ಮರುದಿನ ಬೆಳಗಿನ ಜಾವವೇ ಬಂದು ಬಿಚ್ಚಿಕೊಂಡು ಹೋಗುತ್ತಾರೆ.