ಜ್ವರಕ್ಕ ಹೆಸರಿಡೋ ಊರು

ಹುಬ್ಬಳ್ಳಿ-ಧಾರವಾಡದಾಗ ಯಾರಿಗರ ಜ್ವರ ಬಂತಂದ್ರ ಗುಳಿಗಿ ಸಿಗೋದು ತಡ ಆಗಬಹುದು, ಆದ್ರ ಜಡ್ಡಿನ ಹೆಸರು ಮಾತ್ರ ದವಾಖಾನಿ ಮುಟ್ಟೋದ್ರೊಳಗ ಪಕ್ಕಾ ಆಗಿರತೈತಿ. ಮನ್ಯಾಗ ಅಜ್ಜಿ ಹಣಿ ಮುಟ್ಟಿ "ನೆದರ ಆಗೈತಿ" ಅಂತಾಳ, ಬಾಜೂ ಮನಿ ಅಕ್ಕಾರು "ಇಲ್ರೀ, ಎಲ್ಲಾ ಕಡೆ ವೈರಲ್ ಐತಿ, ನಮ್ಮ ಮನ್ಯಾಗೂ ಹಿಂಗ ಇತ್ತು" ಅಂತಾರ, ಚಿಗರಿ ಬಸ್ ಹತ್ತಿ ನವನಗರ ದಾಟೂದ್ರಾಗ ಬಾಜೂಕ ನಿಂತ ಗುರುತಿಲ್ಲದ ಕಾಕಾ ಒಬ್ರು ಮಾರಿ ದಿಟ್ಟಿಸಿ ನೋಡಿ "ಕಣ್ಣ ನೋಡಿದ್ರ ಕಾಮಣಿ ಅನಸ್ತೈತಿ ತಮ್ಮಾ" ಅಂತ ಸೆಕೆಂಡ್ ಒಪೀನಿಯನ್ ಕೊಟ್ಟಬಿಡ್ತಾರ, ಅದೂ ಪುಕ್ಕಟ. ಕೂಸು ಹುಟ್ಟೋಕಿಂತ ಮೊದಲ ಕುಲಾಯಿ ಹೊಲಿಸೋ ಮಂದಿ ನಾವು, ಜ್ವರಕ್ಕರ ಯಾಕ ಬಿಡ್ತೀವಿ.

ಇನ್ನ ಎದಿ ನೋವಂದ್ರ ಅದು ಗ್ಯಾಸ್. ಅದಕ್ಕ ಚರ್ಚೆ ಇಲ್ಲ. ಬೆವರಿಳಿದು ಎಡಗೈ ಜೋಮ ಹಿಡದ್ರೂ ಗ್ಯಾಸ, ನಿಂಬಿಕಾಯಿ ಸೋಡಾ ಕುಡಿ, ಎರಡ ತೇಗ ಬಂದ್ರ ಹಗುರಾಗತೈತಿ. ಇಸಿಜಿ ಅನ್ನೋದು ಸೋಡಾ ಕೆಲಸ ಮಾಡಲಿಲ್ಲ ಅಂದ್ರ ಮಾತ್ರ.

ಇಂಥಾದ್ರಾಗ ಬಡವ ಯಾರು ಅಂದ್ರ ಓದಿದ ಡಾಕ್ಟ್ರು. ಅವ್ರು ನಾಲಿಗಿ ನೋಡಿ, ಹೊಟ್ಟಿ ಒತ್ತಿ ನೋಡಿ, "ಒಂದ ದಿನದ ಜ್ವರ ಐತಿ, ಈಗ ಇಂಥಾದ್ದ ಅಂತ ಹೇಳಾಕ ಬರಂಗಿಲ್ಲ, ಎರಡ ದಿನ ಬಿಟ್ಟ ನೋಡೋಣ" ಅಂದ್ರೋ, ಮುಗೀತು. "ಅವ್ರಿಗೆ ಹಿಡಿಯಾಕ ಆಗಲಿಲ್ಲರೀ" ಅಂತ ಹೊರಗ ಬಂದು ಚಪ್ಪಲಿ ಹಾಕ್ಕೊಳ್ಳೋವಾಗನ ತೀರ್ಪು ಕೊಟ್ಟು ಸೀದಾ ಸಲಾಯಿನ್ ಹಚ್ಚೋ ದವಾಖಾನಿಗೆ ಹೊಂಟಬಿಡ್ತಾರ. ಅಲ್ಲಿ ಕೈಗೆ ಬಾಟ್ಲಿ ಹಚ್ಚಿ, ರಕ್ತ ತಗೊಂಡು, ಅರ್ಧಾ ತಾಸಿನ್ಯಾಗ ಒಂದ ಕಾಗದ ಕೊಡ್ತಾರ, ಟೈಫಾಯ್ಡ್ ಹೊಂಟೈತಿ! ಮನಿ ಮಂದಿ ಮಾರಿ ಮ್ಯಾಲ ಆವಾಗ ಕಳಾ ಬರತೈತಿ. ಜಡ್ಡ ಬಂದದ್ದಕ್ಕಲ್ಲ, ಹೆಸರ ಸಿಕ್ಕಿದ್ದಕ್ಕ.

ಈ ಕಾಗದದ ಕಥಿ ಕೇಳ್ರಿ. ಇದು ವಿಡಾಲ್ ಟೆಸ್ಟ್, 1896ರಾಗ ಫ್ರಾನ್ಸಿನ ವಿಡಾಲ್ ಅನ್ನೋ ಡಾಕ್ಟ್ರು ತೋರಿಸಿಕೊಟ್ಟದ್ದು, ಅಂದ್ರ ನಮ್ಮ ಅಜ್ಜನ ಅಪ್ಪನ ಕಾಲದ್ದು. ಅದು ನೋಡೋದು ಟೈಫಾಯ್ಡ್ ಬ್ಯಾಕ್ಟೀರಿಯಾನ ಅಲ್ಲ, ಅದರ ವಿರುದ್ಧ ಮೈಯಾಗ ಹುಟ್ಟಿದ ಆಂಟಿಬಾಡಿನ. ಆ ಆಂಟಿಬಾಡಿ ಸರಿಯಾಗಿ ಏರೋದ ಜ್ವರದ ಎರಡನೇ ವಾರದಾಗ, ನಾವು ರಕ್ತ ಕೊಡೋದ ಎರಡನೇ ದಿನಕ್ಕ. ಹಿಂದ ಯಾವಾಗರ ಟೈಫಾಯ್ಡ್ ಆಗಿದ್ರೂ, ಲಸಿಕಿ ಹಾಕಿಸಿದ್ರೂ, ಕೆಲವೊಮ್ಮೆ ಬ್ಯಾರೆ ಜ್ವರ ಇದ್ರೂ ಅದು ಪಾಸಿಟಿವ್ ತೋರಿಸಬಹುದು. ವಾರ-ಹತ್ತ ದಿನ ಬಿಟ್ಟು ಎರಡನೇ ಸಲ ರಕ್ತ ತಗೊಂಡು ಅಂಕಿ ನಾಕ ಪಟ್ಟು ಏರೇತೋ ಇಲ್ಲೋ ನೋಡಿದ್ರ ಅದಕ್ಕೊಂದ ಅರ್ಥ. ಆದ್ರ ನಮ್ಮಲ್ಲಿ ಒಂದ ಸಲಕ್ಕ ಓ 1:80, ಎಚ್ 1:160 ಅಂತ ಎರಡ ಥರದ ಆಂಟಿಬಾಡಿ ಅಂಕಿ ಬರದ್ರ ಸಾಕು, ಮಾರ್ಕ್ಸ್ ಕಾರ್ಡ್ ಬಂದಂಗ, "ನಮ್ಮ ಹುಡುಗಂದು ನೂರಾ ಅರವತ್ರೀ, ನಿಮ್ಮಾಕಿದು ಎಷ್ಟು?"

ಪಕ್ಕಾ ಗೊತ್ತಾಗಬೇಕಂದ್ರ ಬ್ಲಡ್ ಕಲ್ಚರ್, ಅಂದ್ರ ರಕ್ತದಾಗಿನ ಬ್ಯಾಕ್ಟೀರಿಯಾನ ಲ್ಯಾಬಿನ್ಯಾಗ ಬೆಳಸಿ ನೋಡೋ ಟೆಸ್ಟ್ ಮಾಡಿಸಬೇಕು. ಅದಕ್ಕ ಎರಡ ಮೂರ ದಿನ ಹಿಡೀತೈತಿ, ಮತ್ತ ಆಂಟಿಬಯೋಟಿಕ್ ನುಂಗೋಕಿಂತ ಮೊದಲ ರಕ್ತ ಕೊಡಬೇಕು. ಆದ್ರ ಅಷ್ಟೊತ್ತಿಗೆ ಮೆಡಿಕಲ್ ಶಾಪಿನ ಹುಡುಗ ಚೀಟಿ ಇಲ್ಲದ ಎರಡ ದಿನದ ಆಂಟಿಬಯೋಟಿಕ್ ಹರದು ಕೊಟ್ಟಾಗಿರತೈತಿ. ಬ್ಯಾಕ್ಟೀರಿಯಾ ಸಾಯಂಗೂ ಇಲ್ಲ, ಲ್ಯಾಬಿನ್ಯಾಗ ಕಾಣಂಗೂ ಇಲ್ಲ.

ಮಳಿಗಾಲದಾಗ ಮಂದಿ ಬಾಯಾಗ ಟೈಫಾಯ್ಡಿಗೆ ರಜಾ, ಡೆಂಗ್ಯೂ ಸೀಜನ್ನು. ಆವಾಗ "ಬಿಳಿ ಕಣ ಎಷ್ಟದಾವು?" ಅನ್ನೋದು ಆರಾಮ ಅದೀರೇನು ಅನ್ನೋದರ ಬದ್ಲಿ ಕೇಳೋ ಮಾತು. ಅವ್ರು ಕೇಳೋದು ರಕ್ತ ಹೆಪ್ಪಗಟ್ಟಾಕ ಬೇಕಾದ ಪ್ಲೇಟ್‌ಲೆಟ್, ಅದಕ್ಕೂ ಬಿಳಿ ರಕ್ತಕಣಕ್ಕೂ ಸಂಬಂಧ ಇಲ್ಲ, ಇರ್ಲಿ ಬಿಡ್ರಿ. ಒಂದೂವರಿ ಲಕ್ಷ ಇರಬೇಕಾದ್ದು ತೊಂಬತ್ತ ಸಾವಿರ ಆತಂದ್ರ ಬೀಗರೆಲ್ಲಾ ಕೂಡಿ ದುರ್ಗದಬೈಲ್ ಮಾರ್ಕೆಟ್ಟಿನಿಂದ ಕಿವಿ ಹಣ್ಣು, ಯಾರದೋ ಹಿತ್ತಲದಿಂದ ಪಪ್ಪಾಯಿ ಎಲಿ. ಆ ಕಹಿ ರಸ ಕುಡಿಸೋವಾಗ ಪೇಶೆಂಟ್ ಒದ್ಯಾಡೋದ ನೋಡಿ "ನೋಡ್ರಿ, ಕೆಲಸ ಮಾಡಾಕ ಹತ್ತೇತಿ" ಅಂತಾರ. ಬಾಳ ಮಂದಿಗೆ ಕೆಲವು ದಿನಕ್ಕ ಪ್ಲೇಟ್‌ಲೆಟ್ ತಾವ ಏರತಾವು, ಕ್ರೆಡಿಟ್ಟು ಹಣ್ಣಿಗೆ. ಜ್ವರ ಇಳದ ಮ್ಯಾಲಿನ ಒಂದೆರಡ ದಿನಾನ ಡೆಂಗ್ಯೂದಾಗ ಖರೆ ಡೇಂಜರು, ಹೊಟ್ಟಿ ನೋವು, ಮ್ಯಾಲಿಂದ ಮ್ಯಾಲ ವಾಂತಿ, ಒಸಡಿನ್ಯಾಗ ರಕ್ತ ಇವನ್ನ ನೋಡಬೇಕಾದ್ದು ಆವಾಗ. ನಮ್ಮಂದಿ ಜ್ವರ ಇಳದ ಕೂಡ್ಲೆ "ಆರಾಮಾತು" ಅಂತ ಡಿಸ್ಚಾರ್ಜ್ ಮಾಡಿಸ್ಕೊಂಡು ಮಿರ್ಚಿ-ಗಿರ್ಮಿಟ್ ತಿನ್ನಾಕ ಹೊಂಟಿರ್ತಾರ.

ಇಷ್ಟೆಲ್ಲಾ ಹೆಸರಿಡೋ ಊರಾಗ ಒಂದ ಜಡ್ಡಿನ ಹೆಸರ ಮಾತ್ರ ಯಾರೂ ತಗಿಯಂಗಿಲ್ಲ, ಅದು ನಳದ್ದು. ಟೈಫಾಯ್ಡ್ ಬರೋದು ಹೊಲಸ ಸೇರಿದ ನೀರು, ಊಟದಿಂದ, ಡೆಂಗ್ಯೂ ಸೊಳ್ಳಿ ಹುಟ್ಟೋದು ತುಂಬಿಟ್ಟ ತಿಳಿನೀರಾಗ. ಎರಡರ ಅಡ್ರೆಸ್ಸೂ ಒಂದ. 2008ರ ಹೊತ್ತಿಗೆನ ಕೆಲವು ವಾರ್ಡಿಗೆ 24 ತಾಸು ನೀರು ಬಿಟ್ಟು ಆಗ್ತೈತಿ ಅಂತ ತೋರಿಸ್ಯಾರ. ಉಳಿದ ಎಷ್ಟೋ ಓಣ್ಯಾಗ ಇನ್ನೂ ನೀರ ಬಿಡೋ ದಿನ ಅಂದ್ರ ಹಬ್ಬ, ಆಫೀಸಿಗೆ ರಜಾ ಹಾಕಿ ಬ್ಯಾರಲ್, ಕೊಡ, ಬಕೆಟ್, ಕಡೀಕ ಪಾತೇಲಿ ಸೈತ ತುಂಬಿಡ್ತಾರ.

ಅದಕ್ಕ ಊರಿನ ದೊಡ್ಡೋರು ಕೊಟ್ಟ ಔಷಧ ಫಾಗಿಂಗ್. ಡೆಂಗ್ಯೂ ಸೊಳ್ಳಿ ಹಗಲಿನ್ಯಾಗ ಕಡೀತೈತಿ, ಹೊಗಿ ಗಾಡಿ ಬರೋದು ಕತ್ಲಾದ ಮ್ಯಾಲ, ಹಿಂದ ಹುಡುಗೂರ ಮೆರವಣಿಗಿ. ಬ್ಯಾರಲ್‌ದಾಗಿನ ಹುಳಕ್ಕ ಆ ಹೊಗಿ ಮುಟ್ಟಂಗೂ ಇಲ್ಲ. ಎರಡನೇ ಔಷಧ ಡ್ರೈ ಡೇ, ವಾರಕ್ಕೊಮ್ಮೆ ನೀರೆಲ್ಲಾ ಚೆಲ್ಲಿ ತಿಕ್ಕಿ ಒಣಗಿಸ್ರಿ ಅನ್ನೋದು. ಮಾತು ಬರೋಬ್ಬರಿ ಐತಿ, ತತ್ತಿ ಸೊಳ್ಳಿ ಆಗಾಕ ಸುಮಾರು ಅಷ್ಟ ದಿನ ಬೇಕು. ಆದ್ರ ನೀರ ಬರೋದೂ ವಾರಕ್ಕೊಮ್ಮೆ.

ಆಶಾ ಅಕ್ಕಾರು ಪಾಪ, ಬಿಸಲಾಗ ಮನಿಮನಿ ತಿರಗಿ ಬ್ಯಾರಲ್‌ದಾಗ ಟಾರ್ಚ್ ಬಿಟ್ಟು ನೋಡಿ "ಹುಳ ಅದಾವ್ರೀ, ಚೆಲ್ರಿ" ಅಂತಾರ. ಮನಿಯಾಕಿ "ಚೆಲ್ತೀನಿ ಯವ್ವಾ, ನಾಳಿಗೆ ನಳ ಬಿಡಸ್ತೀಯೇನು?" ಅಂದ್ರ ಅವ್ರರ ಏನ ಹೇಳಬೇಕು, ಫಾರ್ಮಿನ್ಯಾಗ ಲಾರ್ವಾ ಅದಾವು ಅಂತ ಒಂದ ಟಿಕ್ ಹಾಕಿ ಮುಂದಿನ ಮನಿಗೆ ಹೋಗ್ತಾರ.