ಫೈಲ್ ಒಳಗಿದೆ ಸಾರ್

"ಫೈಲ್ ಎಲ್ಲಿ ಸೇವ್ ಮಾಡಿದ್ಯೋ?"

"ಒಳಗೆ ಸಾರ್."

"ಒಳಗೆ ಅಂದ್ರೆ?"

ಹುಡುಗ ನನ್ನನ್ನೊಮ್ಮೆ, ಕಂಪ್ಯೂಟರನ್ನೊಮ್ಮೆ ನೋಡಿದ. ಇಷ್ಟೂ ಗೊತ್ತಿಲ್ಲವಲ್ಲ ಪಾಪ ಅನ್ನುವ ಹಾಗಿತ್ತು ಮುಖ. ಆಮೇಲೆ ಸಿಪಿಯು ತಲೆ ಮೇಲೆ ಎರಡು ಸಲ ತಟ್ಟಿ ತೋರಿಸಿದ. "ಇದರೊಳಗೆ."

ನಿನ್ನೆ ಮೂರನೇ ಪಿರಿಯಡ್ಡಿನ ಮಾತಿದು. ನನಗಿನ್ನೂ ಬಿಪಿ ಇಳಿದಿಲ್ಲ.

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಹತ್ತು ವರ್ಷದ ಹಿಂದೆ ಆಫೀಸಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಹಾಳೆಯನ್ನು ಹರಿಯದ ಹಾಗೆ ಎಳೆದು ತೆಗೆದಿದ್ದೆ. ಮಾಡಿದ ತಪ್ಪು ಅದೊಂದೇ. ಅವತ್ತಿನಿಂದ ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ನನ್ನ ಜೇಬಿನಲ್ಲಿದೆ. ಲ್ಯಾಬಿನಲ್ಲಿರುವುದು ಹತ್ತು ಕಂಪ್ಯೂಟರ್, ಆನ್ ಆಗುವುದು ಆರು. ಒಂಬತ್ತನೇ ಕ್ಲಾಸಿನಲ್ಲಿ 42 ಮಕ್ಕಳು. ಒಂದಕ್ಕೆ ಏಳು ಜನ. 40 ನಿಮಿಷದ ಪಿರಿಯಡ್ಡಿನಲ್ಲಿ ತಲೆಗೆ ಆರು ನಿಮಿಷವೂ ಬರುವುದಿಲ್ಲ. ಅದರಲ್ಲೂ ಬಾಗಿಲಲ್ಲಿ ಚಪ್ಪಲಿ ಬಿಡೋ ಗಲಾಟೆಗೇ ಐದು ನಿಮಿಷ ಬೇಕು. ಮೌಸ್ ಹಿಡಿದವನು ರಾಜ, ಉಳಿದ ಆರೂ ಜನ ಮಂತ್ರಿಗಳು. ಕರೆಂಟ್ ಹೋದರೆ ಯುಪಿಎಸ್ ಮೂರು ಸಲ ಕೂಗಿ ಕಣ್ಣು ಮುಚ್ಚುತ್ತದೆ.

ಇದೇ ಮಕ್ಕಳ ಕೈಗೆ ಅಪ್ಪನ ಫೋನ್ ಕೊಟ್ಟು ನೋಡಿ. ಎರಡು ನಿಮಿಷಕ್ಕೆ ಹಾಡು ಹಾಕಿ, ಕುಣಿಸಿ, ರೀಲ್ಸ್ ಮಾಡಿ ಕೊಡ್ತಾರೆ. ಆದರೆ ಫೋನಿನಲ್ಲಿ ತೆಗೆದ ಫೋಟೋ ತಾನೇ ಗ್ಯಾಲರಿಗೆ ಹೋಗಿ ಕೂರುತ್ತದೆ, ಎಲ್ಲಿಡಲಿ ಅಂತ ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ಕೇಳುತ್ತದೆ. ಇವರು ಓದದೆ ಓಕೆ ಒತ್ತುತ್ತಾರೆ.

ಸೇವ್ ಮಾಡೋಕೆ ಆ ಚೌಕದ ಚಿತ್ರ ಒತ್ತಿ ಅಂದರೆ, "ಯಾವುದು ಸಾರ್, ವಾಷಿಂಗ್ ಮೆಷಿನ್ನಾ?" ಅಂದರು. ಆ ಚಿತ್ರ ಇದರದ್ದು ಅಂತ ಬೀರುವಿನಿಂದ ಹಳೇ ಫ್ಲಾಪಿ ತಂದು ತೋರಿಸಿದೆ. 1.44 ಎಂಬಿ ಅಂದೆ. "ಒಂದು ಫೋಟೋನೂ ಹಿಡಿಯಲ್ವಲ್ಲ ಸಾರ್, ಇದರಲ್ಲಿ ಏನು ಇಡ್ತಿದ್ರಿ?" ಫ್ಲಾಪಿಯನ್ನು ಸುಮ್ನೆ ಬೀರುವಿಗೆ ವಾಪಸ್ ಇಟ್ಟೆ.

ಕೊನೆಗೆ ಅಡುಗೆಮನೆಗೆ ಇಳಿದೆ. "ನೋಡ್ರೋ, ನಿಮ್ಮಮ್ಮ ಸಾಸಿವೆಗೊಂದು ಡಬ್ಬಿ, ಜೀರಿಗೆಗೊಂದು ಡಬ್ಬಿ ಇಟ್ಟಿರ್ತಾರೆ ಅಲ್ವಾ? ಡಬ್ಬಿ ಅಂದ್ರೆ ಫೋಲ್ಡರ್. ಹೆಸರು ನೋಡಿದ ತಕ್ಷಣ ಒಳಗೇನಿದೆ ಅಂತ ಗೊತ್ತಾಗಬೇಕು."

"ನಮ್ಮನೇಲಿ ಬೋರ್ನ್‌ವಿಟಾ ಡಬ್ಬೀಲಿ ಖಾರದ ಪುಡಿ ಇರೋದು ಸಾರ್."

"ನಮ್ಮನೇಲಿ ಐಸ್‌ಕ್ರೀಮ್ ಡಬ್ಬೀಲಿ ದೋಸೆ ಹಿಟ್ಟು."

"ಬಿಸ್ಕತ್ತಿನ ಡಬ್ಬೀಲಿ ಸೂಜಿ ದಾರ ಸಾರ್. ತೆಗೆದಾಗೆಲ್ಲಾ ಬೇಜಾರು."

ಇಡೀ ಕ್ಲಾಸು ತಂತಮ್ಮ ಮನೆಯ ಮೋಸದ ಡಬ್ಬಿಗಳ ಲೆಕ್ಕ ಕೊಡಲು ಎದ್ದು ನಿಂತಿತು. ಮೂಲೆಯಿಂದ ಒಬ್ಬ, "ಅಕ್ಕಿ ಡಬ್ಬೀಲಿ ದುಡ್ಡು ಸಾರ್, ಅಪ್ಪಂಗೆ ಗೊತ್ತಿಲ್ಲ" ಅಂದ. ಮುಂದಿನ ವಾರ ಹಿಡನ್ ಫೈಲ್ ಪಾಠ ಮಾಡಬೇಕಿತ್ತು. ಅದು ಅಲ್ಲಿಗೇ ಮುಗಿಯಿತು.

ಹಾಗೆ ನೋಡಿದರೆ ಇವರು ಅಮ್ಮಂದಿರ ದಾರಿಯಲ್ಲೇ ಇದ್ದಾರೆ. 'ವಿಜ್ಞಾನ ಪ್ರಾಜೆಕ್ಟ್' ಅಂತ ಇದ್ದದ್ದನ್ನು ತೆರೆದೆ, ಪೇಂಟಿನಲ್ಲಿ ಬಿಡಿಸಿದ ಟ್ರ್ಯಾಕ್ಟರ್ ಬಂತು. 'ಟ್ರ್ಯಾಕ್ಟರ್' ತೆರೆದೆ, ಖಾಲಿ. 'ನ್ಯೂ ಫೋಲ್ಡರ್' ಒಳಗೆ ಇನ್ನೊಂದು 'ನ್ಯೂ ಫೋಲ್ಡರ್', ಅದರೊಳಗೆ ಮತ್ತೊಂದು. ಈರುಳ್ಳಿ ಸುಲಿದ ಹಾಗೆ ಸುಲಿಯುತ್ತಾ ಹೋದೆ. ಕಟ್ಟಕಡೆಗೆ ಸಿಕ್ಕಿದ್ದು ಕಳೆದ ವರ್ಷ ನಾನೇ ಕಳೆದುಕೊಂಡು, ಎರಡು ದಿನ ಹುಡುಕಿ, ಶಪಿಸುತ್ತಾ ಮತ್ತೆ ಟೈಪ್ ಮಾಡಿದ ಗಣಿತದ ಪ್ರಶ್ನೆಪತ್ರಿಕೆ.

"ನೀವು ಎಲ್ಲಿ ಸೇವ್ ಮಾಡಿದ್ರಿ ಸಾರ್?"

ಎಲ್ಲರೂ ನುಡಿ ಓಪನ್ ಮಾಡಿ ಅಂದೆ, ಗಟ್ಟಿಯಾಗಿ.

ನುಡಿ ಅಂದರೆ ಕನ್ನಡ ಟೈಪ್ ಮಾಡೋ ತಂತ್ರಾಂಶ. ಅದರದು ಬೇರೆ ಕಥೆ. ಅದರಲ್ಲಿರುವ ಕೆ. ಪಿ. ರಾವ್ ಅವರ ಕೀಲಿಮಣೆ ನಿಜಕ್ಕೂ ಸುಲಭ. ಕ ಬೇಕಾದರೆ ಕೆ, ಮ ಬೇಕಾದರೆ ಎಂ. ಒತ್ತು ಬೇಕಾದರೆ ಎಫ್ ಒತ್ತು. ಈ ಕೊನೇದು ಮಾತ್ರ ಯಾರಿಗೂ ನೆನಪಿರಲ್ಲ. "ಫೋನಿಗೆ ಹೇಳಿದ್ರೆ ಅದೇ ಬರೆಯುತ್ತೆ, ಇದಕ್ಕೆ ಮೈಕ್ ಎಲ್ಲಿದೆ ಸಾರ್?" ಅಂತ ಒಬ್ಬ ಮಾನಿಟರಿನ ಬೆನ್ನು ಸವರುತ್ತಿದ್ದ.

ಮೊದಲ ಸಾಲಿನಲ್ಲಿ ಒಬ್ಬಳು ಹುಡುಗಿಯಿದ್ದಾಳೆ. ಮನೆಯಲ್ಲಿ ದೊಡ್ಡ ಫೋನಿಲ್ಲ. ತನ್ನ ಆರು ನಿಮಿಷಕ್ಕೆ ಕಾದು, ಒಂದೇ ಬೆರಳಲ್ಲಿ ಅವರ ಮನೆ ಎಮ್ಮೆ ಬಗ್ಗೆ ಬರೆಯುತ್ತಿದ್ದಾಳೆ. ಒಂದು ವಾರ ಅದು 'ಎಮಮೆ' ಆಗಿತ್ತು. ನಿನ್ನೆ ಎಫ್ ಸಿಕ್ಕಿ ಎಮ್ಮೆಯಾಯಿತು. ಆರು ಸಾಲು. "ಅಮ್ಮಂಗೆ ತೋರಿಸ್ಬೇಕು ಸಾರ್, ಪ್ರಿಂಟ್ ಕೊಡ್ತೀರಾ?" ಟೋನರ್ ಮುಗಿದು ಮೂರು ತಿಂಗಳಾಗಿದೆ. ಇಲ್ಲಮ್ಮ ಅಂದೆ. ಕಾಪಿ ಪೇಸ್ಟ್ ಅಂತ ಒಂದು ತಿಂಗಳು ಬಡಕೊಂಡವನು ನಾನೇ.

ಬೆಲ್ ಹೊಡೆದು ಎಲ್ಲರೂ ಚಪ್ಪಲಿಗೆ ಮುಗಿಬಿದ್ದರು. ಅವಳು ನೋಟ್‌ಬುಕ್ ತೆಗೆದು ಸ್ಕ್ರೀನ್ ನೋಡಿಕೊಂಡು ಬರೆಯತೊಡಗಿದಳು. ನುಡಿ ಫಾಂಟಿನ ಕನ್ನಡ, ಎಂಎಸ್ ವರ್ಡ್ ಕಣ್ಣಿಗೆ ತಪ್ಪು ಇಂಗ್ಲಿಷ್, ಅದಕ್ಕೇ ಪ್ರತಿ ಪದದ ಕೆಳಗೂ ಕೆಂಪು ಗೆರೆ ಎಳೆಯುತ್ತದೆ. ಬೀಗ ಹಾಕಲು ಹೋದಾಗ ಬಗ್ಗಿ ನೋಡಿದೆ. ನನ್ನ ಮೇಜಿನಿಂದ ಕೆಂಪು ಪೆನ್ನು ತಗೊಂಡು, ಆರೂ ಸಾಲಿಗೆ ಆ ಡೊಂಕು ಗೆರೆಯನ್ನೂ ಎಳೆಯುತ್ತಿದ್ದಳು.